ಮೂಲವ್ಯಾಧಿ ದಪ್ಪಗಿರುವವರ ಕಾಯಿಲೆಯಷ್ಟೇ ಅಲ್ಲ

ಜನವರಿ ಬಂತೆಂದರೆ ಕೊಡಗಿನ ಪಾಲಿಬೆಟ್ಟ, ಅಮ್ಮತ್ತಿ, ಸಿದ್ದಾಪುರದ ತೋಟಗಳಲ್ಲಿ ರೊಬಸ್ಟಾ ಕಾಫಿಯ ಕೊಯ್ಲು ಬಿರುಸಾಗುತ್ತದೆ. ಹಣ್ಣು ಕೀಳುವವರು, ಚೀಲ ಹೊರುವವರು, ಕಚೇರಿಯಲ್ಲಿ ಕೂತು ಲೆಕ್ಕ ಬರೆಯುವವರು, ಇವರಲ್ಲಿ ಯಾರಿಗೆ ಬೇಕಾದರೂ ಮೂಲವ್ಯಾಧಿ ಬರಬಹುದು. ಬಂದರೂ ಹೇಳಿಕೊಳ್ಳಲು ನಾಚಿಕೆ. ವೈದ್ಯರ ಬಳಿ ಬಾಯಿ ಬಿಡದವರು ಅವರಿವರ ಮಾತು ನಂಬುತ್ತಾರೆ.

ಗುದದ್ವಾರದ ಒಳಗೋಡೆಯಲ್ಲಿ ರಕ್ತನಾಳಗಳು ತುಂಬಿದ ಮೆತ್ತೆಗಳು ಎಲ್ಲರಿಗೂ ಇರುತ್ತವೆ. ಮಲ, ವಾಯು ಸೋರದಂತೆ ತಡೆಯಲು ಅವು ನೆರವಾಗುತ್ತವೆ. ಮೇಲಿಂದ ಮೇಲೆ ಒತ್ತಡ ಬಿದ್ದು ಅವು ಊದಿಕೊಂಡು ಕೆಳಗೆ ಜಾರಿದಾಗ, ರಕ್ತ ಸೋರಿದಾಗ ಅದನ್ನು ಮೂಲವ್ಯಾಧಿ ಅಥವಾ ಪೈಲ್ಸ್ ಅನ್ನುತ್ತೇವೆ.

ತಪ್ಪು ಕಲ್ಪನೆ: ಇದು ದಪ್ಪಗಿರುವವರಿಗೆ ಮಾತ್ರ ಬರುತ್ತದೆ.

ಸತ್ಯ: ಹೊಟ್ಟೆಯ ಬೊಜ್ಜು ಕೆಳಹೊಟ್ಟೆಯ ಒತ್ತಡವನ್ನು ಹೆಚ್ಚಿಸುತ್ತದೆ. ಕೆಲವು ಅಧ್ಯಯನಗಳಲ್ಲಿ ತೂಕ ಹೆಚ್ಚಿದ್ದವರಲ್ಲಿ ಮೂಲವ್ಯಾಧಿ ಹೆಚ್ಚು ಕಂಡಿದೆ, ಇನ್ನು ಕೆಲವುಗಳಲ್ಲಿ ಆ ನಂಟು ಸಿಕ್ಕಿಲ್ಲ. ಭಾರತೀಯರಲ್ಲಿ ಬಿಎಂಐ 23 ದಾಟಿದರೆ ತೂಕ ಹೆಚ್ಚಾಯಿತೆಂದೇ ಲೆಕ್ಕ. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದು. ತೂಕ ಇಳಿಸಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೂ ಒಳ್ಳೆಯದು. ಆದರೆ ಗಟ್ಟಿ ಮಲಕ್ಕಾಗಿ ದಿನವೂ ತಿಣುಕುವವರು ತೆಳ್ಳಗಿದ್ದರೂ ಅಪಾಯದಿಂದ ಹೊರಗಿಲ್ಲ.

ತಪ್ಪು ಕಲ್ಪನೆ: ಮೈಮುರಿದು ದುಡಿಯುವವರಿಗೆ ಮೂಲವ್ಯಾಧಿ ಬರುವುದಿಲ್ಲ.

ಸತ್ಯ: ನಡೆದಾಡುವ ಕೆಲಸ ಕರುಳಿಗೆ ಒಳ್ಳೆಯದೇ. ಆದರೆ ತೋಟದ ದುಡಿಮೆಗೆ ಇನ್ನೊಂದು ಮುಖವಿದೆ. ಉಸಿರು ಬಿಗಿಹಿಡಿದು ಭಾರದ ಚೀಲ ಎತ್ತಿದಾಗ ಹೊಟ್ಟೆಯೊಳಗಿನ ಒತ್ತಡ ಏರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಹೆಂಗಸರದು. ಹತ್ತಿರದಲ್ಲಿ ಶೌಚಾಲಯವಿಲ್ಲದ ಕಡೆ ಅವರು ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ, ಪ್ರಕೃತಿಯ ಕರೆಯನ್ನು ಸಂಜೆಯವರೆಗೆ ತಡೆಹಿಡಿಯುತ್ತಾರೆ. ತಡೆದಷ್ಟೂ ದೊಡ್ಡ ಕರುಳು ಮಲದಲ್ಲಿನ ನೀರನ್ನು ಹೀರಿಕೊಳ್ಳುತ್ತದೆ, ಮಲ ಗಟ್ಟಿಯಾಗುತ್ತದೆ, ತಿಣುಕಬೇಕಾಗುತ್ತದೆ. ಬಸುರು, ಹೆರಿಗೆಯಲ್ಲಿ ಬಿದ್ದ ಒತ್ತಡವೂ ಇದಕ್ಕೆ ಸೇರುತ್ತದೆ. ತೋಟಗಳಲ್ಲಿ ಕಾರ್ಮಿಕರಿಗೆ ಸಾಕಷ್ಟು ಶೌಚಾಲಯ ಇರಬೇಕೆಂದು 1951ರ ತೋಟ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಕಾರ್ಮಿಕರು ವಾಸಿಸುವ ಲೈನ್ ಮನೆಯ ಬಳಿ ಒಂದಿದ್ದರೆ ಸಾಲದು, ಹಣ್ಣು ಕೀಳುವ ಜಾಗಕ್ಕೂ ಅದು ಹತ್ತಿರವಿರಬೇಕು.

ತಪ್ಪು ಕಲ್ಪನೆ: ಕೋಳಿ, ಖಾರ, ಕಾಫಿ ಉಷ್ಣ, ಅದರಿಂದಲೇ ಪೈಲ್ಸ್.

ಸತ್ಯ: ಬಿಸಿ ಕಲ್ಲಿನ ಮೇಲೆ ಕೂತರೂ ಮೂಲವ್ಯಾಧಿ ಬರುವುದಿಲ್ಲ, ಕೋಳಿ ತಿಂದರೂ ಬರುವುದಿಲ್ಲ. 2006ರಲ್ಲಿ ಇಟಲಿಯ ವೈದ್ಯರು ಮೂಲವ್ಯಾಧಿ ಇದ್ದವರಿಗೆ ಒಮ್ಮೆ ಮೆಣಸಿನ ಪುಡಿ, ಇನ್ನೊಮ್ಮೆ ಹುಸಿ ಔಷಧ ಕೊಟ್ಟು ನೋಡಿದರು. ನೋವು, ರಕ್ತಸ್ರಾವದಲ್ಲಿ ವ್ಯತ್ಯಾಸ ಕಾಣಲಿಲ್ಲ. ಗುದದಲ್ಲಿ ಬಿರುಕು ಇದ್ದವರಿಗೆ ಮಾತ್ರ ಖಾರ ಉರಿ ಹೆಚ್ಚಿಸಬಹುದು. ಕಾಫಿಯಂತೂ ಎಷ್ಟೋ ಜನರ ಕರುಳನ್ನು ಚುರುಕುಗೊಳಿಸುತ್ತದೆ.

ನಿಜವಾದ ಕೊರತೆ ನಾರಿನದು. ಮಾಂಸದಲ್ಲಿ ನಾರಿಲ್ಲ. ಪಾಲಿಶ್ ಮಾಡಿದ 100 ಗ್ರಾಂ ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ, ಅಷ್ಟೇ ರಾಗಿಯಲ್ಲಿ ಸುಮಾರು 11 ಗ್ರಾಂ. ದಿನಕ್ಕೆ ಬೇಕಾದದ್ದು 25ರಿಂದ 30 ಗ್ರಾಂ. ಕಡಂಬುಟ್ಟು, ಪಂದಿ ಕರಿ ಬಿಡಬೇಕಿಲ್ಲ. ಜೊತೆಗೆ ಕಾಳು, ಸೊಪ್ಪು, ಸೀಬೆಹಣ್ಣು ಇರಲಿ, ನೀರೂ ಇರಲಿ. ನಾರು ಹೆಚ್ಚಿಸಿದರೆ ಮೂಲವ್ಯಾಧಿಯ ರಕ್ತಸ್ರಾವದ ಸಾಧ್ಯತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಪರಿಶೀಲನೆ ತೋರಿಸಿದೆ.

ತಪ್ಪು ಕಲ್ಪನೆ: ಶೌಚಾಲಯದಲ್ಲಿ ಹೆಚ್ಚು ಹೊತ್ತು ಕೂತರೆ ಹೊಟ್ಟೆ ಪೂರ್ತಿ ಖಾಲಿಯಾಗುತ್ತದೆ.

ಸತ್ಯ: ಕಮೋಡಿನ ಮೇಲೆ ಕೂತಾಗ ಗುದದ ಭಾಗಕ್ಕೆ ಕೆಳಗಿನಿಂದ ಆಸರೆ ಇರುವುದಿಲ್ಲ, ಹೆಚ್ಚು ಹೊತ್ತು ಕೂತಷ್ಟೂ ಅಲ್ಲಿನ ಮೆತ್ತೆಗಳ ಮೇಲೆ ಒತ್ತಡ ಬೀಳುತ್ತದೆ. 2025ರಲ್ಲಿ ಪ್ರಕಟವಾದ ಬಾಸ್ಟನ್‌ನ ಅಧ್ಯಯನವೊಂದು ಕೊಲೊನೊಸ್ಕೋಪಿಗೆ ಬಂದ 125 ಮಂದಿಯನ್ನು ಗಮನಿಸಿತು. ತೂಕ, ವಯಸ್ಸು, ನಾರಿನ ಸೇವನೆಯನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೂ, ಶೌಚಾಲಯದಲ್ಲಿ ಮೊಬೈಲ್ ನೋಡುವವರಲ್ಲಿ ಮೂಲವ್ಯಾಧಿಯ ಅಪಾಯ ಶೇ 46ರಷ್ಟು ಹೆಚ್ಚಿತ್ತು. ಮೊಬೈಲ್ ಹೊರಗಿಡಿ, ಐದು ನಿಮಿಷದಲ್ಲಿ ಆಗದಿದ್ದರೆ ಎದ್ದುಬಿಡಿ.

ತಪ್ಪು ಕಲ್ಪನೆ: ರಕ್ತ ಕಂಡರೆ ಪೈಲ್ಸ್ ಅಷ್ಟೇ.

ಸತ್ಯ: ಕೊಡವರ ಕಕ್ಕಡ ಮಾಸದ 18ರಂದು ಮದ್ದು ಸೊಪ್ಪಿನ ಪಾಯಸ ಉಂಡ ಮೇಲೆ ಮೂತ್ರ ಕೆಂಪಾಗುವುದು ಸೊಪ್ಪಿನ ಬಣ್ಣದಿಂದ, ಅದಕ್ಕೆ ಹೆದರಬೇಕಿಲ್ಲ. ಮಲದ ಜೊತೆ ಬರುವ ರಕ್ತದ ಮಾತು ಬೇರೆ. ಅದು ದೊಡ್ಡ ಕರುಳಿನ ಕ್ಯಾನ್ಸರಿನ ಸೂಚನೆಯೂ ಇರಬಹುದು. ಮಲ ಕಪ್ಪಾಗಿದ್ದರೆ, ಮಲವಿಸರ್ಜನೆಯ ಕ್ರಮ ಬದಲಾಗಿದ್ದರೆ, ಕಾರಣವಿಲ್ಲದೆ ತೂಕ ಇಳಿದಿದ್ದರೆ, ಸುಸ್ತು, ರಕ್ತಹೀನತೆ ಇದ್ದರೆ ತಡಮಾಡಬಾರದು.

ಆರಂಭದ ಹಂತದ ಮೂಲವ್ಯಾಧಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಾಗುವುದಿಲ್ಲ; ನಾರು, ನೀರು, ತಿಣುಕದಿರುವುದು, ಬೇಕಾದರೆ ಸಣ್ಣ ರಬ್ಬರ್ ಬ್ಯಾಂಡ್ ಹಾಕುವ ಚಿಕಿತ್ಸೆ ಸಾಕು. ಪದವಿಯಿಲ್ಲದವರಿಂದ ಇಂಜೆಕ್ಷನ್ ಚುಚ್ಚಿಸಿಕೊಳ್ಳಬೇಡಿ. ಮೊದಲು ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅವರು ಹೇಳಿದರೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ. ತೋಟ ನಡೆಸುವವರು ಕೆಲಸದ ಜಾಗದಲ್ಲಿ ನೀರು, ಶೌಚಾಲಯ ಒದಗಿಸಲಿ. ಈ ಕಾಯಿಲೆ ಬಾರದಂತೆ ತಡೆಯಲು ಕಾರ್ಮಿಕರಿಗೆ ಯಾವ ಮಾತ್ರೆಗಿಂತಲೂ ಮೊದಲು ಬೇಕಾದದ್ದು ಅದು.