ಕ್ರೊಮ್ಯಾಟಿನ್ನಿನ ಪ್ರೋಟೀನುಗಳೂ ಅರ್ಬುದರೋಗವೂ

ಅರ್ಬುದವೆಂಬ ರೋಗನಾಮವು ಭಾರತೀಯ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಸುಶ್ರುತಸಂಹಿತೆಯ ನಿದಾನಸ್ಥಾನದ 11ನೆಯ ಅಧ್ಯಾಯದಲ್ಲಿ ಗ್ರಂಥಿ, ಅಪಚೀ, ಗಲಗಂಡಗಳೊಡನೆ ಅರ್ಬುದದ ಲಕ್ಷಣವೂ ಹೇಳಲ್ಪಟ್ಟಿದೆ. ಅದು ದುಂಡಾಗಿಯೂ ಗಟ್ಟಿಯಾಗಿಯೂ ಇರತಕ್ಕದ್ದು. ನೋವು ಅಲ್ಪ, ಬೇರು ಆಳ, ಬೆಳೆವಣಿಗೆ ನಿಧಾನ. ಬಾವಿನಂತೆ ಕೀವುಗಟ್ಟಿ ಒಡೆಯುವುದೂ ಇಲ್ಲ. ಕ್ಯಾನ್ಸರ್ ಎಂಬ ಲ್ಯಾಟಿನ್ ಪದಕ್ಕೆ ಏಡಿಯೆಂದರ್ಥ. ಅದನ್ನನುಸರಿಸಿ ಕನ್ನಡದಲ್ಲಿ ಏಡಿಗಂತಿಯೆಂಬ ಮಾತೂ ಹುಟ್ಟಿದೆ. ಈ ಹೆಸರುಗಳೆಲ್ಲವೂ ಕಣ್ಣಿಗೂ ಕೈಗೂ ಗೋಚರವಾಗುವ ಗಡ್ಡೆಯನ್ನು ಕುರಿತವು. ಗಡ್ಡೆಯ ಒಂದೊಂದು ಜೀವಕೋಶದ ಒಳಗೆ ಕೆಟ್ಟಿರುವುದೇನೆಂಬ ಪ್ರಶ್ನೆಗೆ ಉತ್ತರವು ದೊರೆಯತೊಡಗಿದುದು ಸೂಕ್ಷ್ಮದರ್ಶಕವೂ ಬಣ್ಣಗಳೂ ಬಳಕೆಗೆ ಬಂದಮೇಲೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಾಲ್ಟರ್ ಫ್ಲೆಮಿಂಗ್ ಎಂಬ ಜರ್ಮನ್ ಪಂಡಿತನು ಕೋಶಕೇಂದ್ರದೊಳಗೆ ಬಣ್ಣವನ್ನು ಬಲವಾಗಿ ಹೀರುವ ಒಂದು ದ್ರವ್ಯವನ್ನು ಕಂಡು, ವರ್ಣವಾಚಕವಾದ ಗ್ರೀಕ್ ಶಬ್ದದಿಂದ ಅದಕ್ಕೆ ಕ್ರೊಮ್ಯಾಟಿನ್ ಎಂದು ಹೆಸರಿಟ್ಟನು. ಏಡಿಗಂತಿಯ ಕೋಶಗಳಲ್ಲಿ ಕೋಶಕೇಂದ್ರವು ಸಾಮಾನ್ಯವಾಗಿ ಹಿಗ್ಗಿ, ಆಕಾರಗೆಟ್ಟು, ಬಣ್ಣವನ್ನು ಗಾಢವಾಗಿಯೂ ಅಸಮವಾಗಿಯೂ ಹಿಡಿಯುವುದು. ಇಂದಿಗೂ ರೋಗನಿರ್ಣಯ ಮಾಡುವವರು ಮೊದಲು ನೋಡುವ ಗುರುತುಗಳಲ್ಲಿ ಇದು ಒಂದು. ಕ್ರೊಮ್ಯಾಟಿನ್ನಿನ ವಿಕಾರವು ರೋಗದ ಗುರುತು ಮಾತ್ರವೋ, ಕಾರಣವೂ ಹೌದೋ ಎಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

ಕ್ರೊಮ್ಯಾಟಿನ್ನಿನಲ್ಲಿ ಮುಖ್ಯವಾಗಿ ಎರಡು ದ್ರವ್ಯಗಳುಂಟು. ಒಂದು, ವಂಶಗುಣಗಳನ್ನು ನಾಲ್ಕೇ ಅಕ್ಷರಗಳಲ್ಲಿ ಬರೆದಿಟ್ಟಿರುವ ಡಿ.ಎನ್.ಎ. ತಂತು; ಇದರ ದ್ರವ್ಯವನ್ನು 1869ರಲ್ಲಿ ಫ್ರೀಡ್ರಿಕ್ ಮೀಷರನು ಮೊದಲು ಬೇರ್ಪಡಿಸಿದನು. ಇನ್ನೊಂದು, ಆ ತಂತುವಿಗೆ ಅಂಟಿಕೊಂಡಿರುವ ಪ್ರೋಟೀನುಗಳು. ಇವುಗಳಲ್ಲಿ ಪ್ರಧಾನವಾದ ಹಿಸ್ಟೋನನ್ನು 1884ರಲ್ಲಿ ಆಲ್ಬ್ರೆಕ್ಟ್ ಕೋಸೆಲನು ಕಂಡುಹಿಡಿದನು. ಮನುಷ್ಯನ ಒಂದು ಕೋಶದಲ್ಲಿರುವ ತಂತುವನ್ನು ನೀಳವಾಗಿ ಚಾಚಿದರೆ ಸುಮಾರು 2 ಮೀಟರು ಉದ್ದವಾಗುವುದು. ಅದನ್ನೊಳಗೊಳ್ಳುವ ಕೋಶಕೇಂದ್ರದ ಅಡ್ಡಳತೆಯಾದರೋ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು. ಎಂಟು ಹಿಸ್ಟೋನುಗಳು ಕೂಡಿ ಒಂದು ಉರುಳೆಯಾಗುವುವೆಂದು 1974ರಲ್ಲಿ ರೋಜರ್ ಕಾರ್ನ್‌ಬರ್ಗರು ಪ್ರತಿಪಾದಿಸಿದರು. ಅಂತಹ ಒಂದೊಂದು ಉರುಳೆಗೆ ಸುಮಾರು 147 ಅಕ್ಷರಜೋಡಿಗಳಷ್ಟು ತಂತುವು ಸುತ್ತಿಕೊಂಡಿರುತ್ತದೆ.

ಓಲೆಗರಿಯ ಕಟ್ಟು ಬಿಚ್ಚದ ಹೊರತು ಗ್ರಂಥವನ್ನು ಓದಲಾಗದಷ್ಟೆ. ಕೋಶದಲ್ಲಿಯೂ ಹಾಗೆಯೇ. ಯಕೃತ್ತಿನ ಕೋಶಕ್ಕೂ ಮಿದುಳಿನ ಕೋಶಕ್ಕೂ ಇರುವ ಗ್ರಂಥವು ಒಂದೇ. ಯಾವ ಗರಿ ಬಿಚ್ಚಿದೆ, ಯಾವುದು ಕಟ್ಟಿದೆಯೆಂಬುದರಿಂದಲೇ ಅವುಗಳ ಭೇದವು ಉಂಟಾಗುವುದು. ಈ ಬಿಚ್ಚುವ ಮತ್ತು ಕಟ್ಟುವ ಕಾರ್ಯದಲ್ಲಿ ಹಿಸ್ಟೋನುಗಳ ತುದಿಗೆ ಅಂಟುವ ಸಣ್ಣ ರಾಸಾಯನಿಕ ಗುರುತುಗಳಿಗೆ ದೊಡ್ಡ ಪಾಲುಂಟು. ಅಸಿಟೈಲ್ ಎಂಬ ಗುರುತಿಗೂ ಗ್ರಂಥಪಠನಕ್ಕೂ ಸಂಬಂಧವುಂಟೆಂದು 1964ರಲ್ಲಿ ವಿನ್ಸೆಂಟ್ ಆಲ್ಫ್ರಿಯವರು ಸೂಚಿಸಿದರು. ಈ ಗುರುತುಗಳನ್ನು ಹಾಕುವ ಪ್ರೋಟೀನುಗಳು ಕೆಲವು, ಅಳಿಸುವವು ಕೆಲವು, ಓದಿ ಅರ್ಥಮಾಡುವವು ಕೆಲವು, ಉರುಳೆಗಳನ್ನೇ ಅತ್ತಿತ್ತ ಸರಿಸುವವು ಮತ್ತೆ ಕೆಲವು.

ವೈಯಾಕರಣರಿಗೆ ಪರಿಚಿತವಾದ ಒಂದು ದೃಷ್ಟಾಂತದಿಂದ ಇದು ಸ್ಪಷ್ಟವಾಗುವುದು. ತ್ವಷ್ಟೃವಿನ ಯಾಗದಲ್ಲಿ ‘ಇಂದ್ರಶತ್ರು’ ಶಬ್ದವು ತಪ್ಪು ಸ್ವರದಿಂದ ಉಚ್ಚರಿತವಾದ ಕಥೆಯನ್ನು ಪತಂಜಲಿಯು ಮಹಾಭಾಷ್ಯದ ಪಸ್ಪಶಾಹ್ನಿಕದಲ್ಲಿ ಸೂಚಿಸಿರುವನು. ಅಂತ್ಯದಲ್ಲಿ ಉದಾತ್ತವಿದ್ದರೆ ತತ್ಪುರುಷವಾಗಿ ‘ಇಂದ್ರನನ್ನು ಕೊಲ್ಲುವವನು’ ಎಂಬ ಅರ್ಥವು. ಆದಿಯಲ್ಲಿದ್ದರೆ ಬಹುವ್ರೀಹಿಯಾಗಿ ‘ಇಂದ್ರನೇ ಕೊಲ್ಲುವವನಾಗಿ ಉಳ್ಳವನು’ ಎಂಬ ಅರ್ಥವು. ಒಂದಕ್ಷರವೂ ಬದಲಾಗಲಿಲ್ಲ; ಸ್ವರಮಾತ್ರ ಬದಲಾಗಿ ವೃತ್ರನು ಹತನಾದನು. ಹಿಸ್ಟೋನಿನ ಗುರುತುಗಳು ಗ್ರಂಥದ ಸ್ವರಚಿಹ್ನೆಗಳಂತೆ. ಕೋಶದ ವೃದ್ಧಿಯನ್ನು ತಡೆಯತಕ್ಕ ವಂಶವಾಹಿಯು ಅಕ್ಷರಶಃ ಶುದ್ಧವಾಗಿದ್ದರೂ, ಗುರುತು ತಪ್ಪಿದರೆ ಅದು ಓದಲ್ಪಡದೆ ಇದ್ದೂ ಇಲ್ಲದಂತಾಗುವುದು.

ಇದಕ್ಕೆ ಮೊದಲನೆಯ ನಿದರ್ಶನವು ರ್‍ಯಾಬ್ಡಾಯ್ಡ್ ಎಂಬ ಗಡ್ಡೆ. ಇದು ಬಹುಮಟ್ಟಿಗೆ ಶಿಶುಗಳ ಮೂತ್ರಪಿಂಡ, ಮಿದುಳು ಮೊದಲಾದ ಅವಯವಗಳಲ್ಲಿ ಹುಟ್ಟುವ ಅತಿಕ್ರೂರವಾದ ರೋಗ. ಉರುಳೆಗಳನ್ನು ಸರಿಸುವ ಪ್ರೋಟೀನುಸಮೂಹದ ಒಂದು ಅಂಗವಾದ ಸ್ಮಾರ್ಕ್‌ಬಿ1 ಎಂಬುದು ಈ ಗಡ್ಡೆಯಲ್ಲಿ ನಷ್ಟವಾಗಿರುವುದೆಂದು 1998ರಲ್ಲಿ ಗೊತ್ತಾಯಿತು. ಅನಂತರ 2012ರಲ್ಲಿ ಈ ಗಡ್ಡೆಗಳ ಗ್ರಂಥವನ್ನು ಪರಿಶೋಧಿಸಿದಾಗ, ಬೇರೆ ಅಕ್ಷರದೋಷಗಳು ಅತ್ಯಲ್ಪವಾಗಿದ್ದುವು. ಗ್ರಂಥವು ಹೆಚ್ಚುಕಡಮೆ ಶುದ್ಧವಾಗಿದ್ದರೂ, ಗರಿಯನ್ನು ಬಿಚ್ಚುವ ಕೈಯೊಂದು ಇಲ್ಲವಾದ ಮಾತ್ರಕ್ಕೆ ಇಷ್ಟು ಉಗ್ರವಾದ ರೋಗವುಂಟಾಯಿತು.

ಎರಡನೆಯದು, ಮಕ್ಕಳ ಮಿದುಳಿನ ಮಧ್ಯರೇಖೆಯಲ್ಲಿ ಹುಟ್ಟುವ ಗ್ಲಯೋಮ. ಈ ಗಡ್ಡೆಗಳಲ್ಲಿ ಅನೇಕವುಗಳೊಳಗೆ ಎಚ್-3 ಎಂಬ ಹಿಸ್ಟೋನಿನ 27ನೆಯ ಸ್ಥಾನದಲ್ಲಿರಬೇಕಾದ ಲೈಸೀನಿಗೆ ಬದಲಾಗಿ ಮೆಥಿಯೊನೀನ್ ಇರುವುದೆಂದು 2012ರಲ್ಲಿ ತಿಳಿದುಬಂದಿತು. ಇದಕ್ಕೆ ಕಾರಣವು ತಂತುವಿನ ಒಂದೇ ಅಕ್ಷರದ ವ್ಯತ್ಯಾಸ. ವಿಕೃತವಾದ ಹಿಸ್ಟೋನು ಕೋಶದ ಒಟ್ಟು ಎಚ್-3ರಲ್ಲಿ ಅಲ್ಪಭಾಗವೇ ಆದರೂ, ಅದು ಮೀಥೈಲ್ ಗುರುತನ್ನು ಹಾಕುವ ಪ್ರೋಟೀನನ್ನು ಕುಂಠಿತಗೊಳಿಸುವುದರಿಂದ, ನಿರ್ದೋಷವಾದ ಮಿಕ್ಕ ಹಿಸ್ಟೋನುಗಳಲ್ಲಿಯೂ ಆ ಗುರುತು ಬಹುತರವಾಗಿ ಮಾಯವಾಗುವುದು. ಅಕ್ಷರದೋಷವು ಒಂದೆಡೆ, ಸ್ವರದೋಷವು ಗ್ರಂಥವೆಲ್ಲ. ಅಕ್ಷರದೋಷವೂ ಸ್ವರದೋಷವೂ ಪರಸ್ಪರ ಬೇರೆಯಲ್ಲವೆಂಬುದಕ್ಕೂ ಇದೇ ಪ್ರಮಾಣ.

ಆದರೆ ವೃತ್ರನ ಕಥೆಗೂ ಈ ವಿಷಯಕ್ಕೂ ಒಂದು ಭೇದವುಂಟು. ಯಾಗದಲ್ಲಿ ನುಡಿದ ಸ್ವರವನ್ನು ಹಿಂದೆಗೆಯಲಾಗಲಿಲ್ಲ. ಹಿಸ್ಟೋನಿನ ಗುರುತನ್ನಾದರೋ ಅಳಿಸಿ ಮತ್ತೆ ಬರೆಯಬಹುದು. ಚಿಕಿತ್ಸಕರ ಆಶೆಯೆಲ್ಲವೂ ಇದನ್ನವಲಂಬಿಸಿದೆ. ಅಸಿಟೈಲ್ ಗುರುತನ್ನು ಅಳಿಸುವ ಪ್ರೋಟೀನನ್ನು ತಡೆಯುವ ವೊರಿನೊಸ್ಟಾಟ್ ಎಂಬ ಔಷಧಕ್ಕೆ, ಚರ್ಮದಲ್ಲಿ ಕಾಣಿಸಿಕೊಳ್ಳುವ ಒಂದು ಬಗೆಯ ಲಿಂಫೋಮಕ್ಕಾಗಿ, 2006ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಸ್ಮಾರ್ಕ್‌ಬಿ1 ನಷ್ಟವಾದೆಡೆ ಮೀಥೈಲ್ ಗುರುತು ಹಾಕುವ ಇಜ಼ೆಡ್‌ಎಚ್2 ಎಂಬ ಪ್ರೋಟೀನು ಎದುರಾಳಿಯಿಲ್ಲದೆ ಪ್ರಬಲಿಸುವುದು. ಅದನ್ನು ತಡೆಯುವ ಟಾಜ಼ೆಮೆಟೊಸ್ಟಾಟ್‌ಗೆ, ಅದೇ ನಷ್ಟವುಳ್ಳ ಎಪಿಥೀಲಿಯಾಯ್ಡ್ ಸಾರ್ಕೋಮವೆಂಬ ರೋಗಕ್ಕಾಗಿ, 2020ರಲ್ಲಿ ಅಲ್ಲಿಯೇ ಅನುಮತಿಯಾಯಿತು. ಅದಕ್ಕೆ ಆಧಾರವಾದ ಪರೀಕ್ಷೆಯಲ್ಲಿ ಗಡ್ಡೆಯು ಗಣನೀಯವಾಗಿ ಕುಗ್ಗಿದುದು 62 ರೋಗಿಗಳಲ್ಲಿ ಶೇಕಡ 15ರಷ್ಟು ಮಂದಿಗೆ ಮಾತ್ರ. ಸಿದ್ಧಾಂತವು ನಿಜವಾದರೂ ಫಲವು ಅಲ್ಪವೆಂಬುದನ್ನು ಮರೆಮಾಚಲಾಗದು. ಒಂದೇ ಪ್ರೋಟೀನು ಒಂದು ಅಂಗದಲ್ಲಿ ಅಧಿಕವಾಗಿ ಕೆಡಿಸುವುದು, ಮತ್ತೊಂದರಲ್ಲಿ ಕುಂಠಿತವಾಗಿ ಕೆಡಿಸುವುದು. ಮೇಲಿನ ಎರಡು ಗಡ್ಡೆಗಳಲ್ಲಿ ಮೀಥೈಲ್ ಗುರುತಿನ ಗತಿಯೇ ಇದಕ್ಕೆ ಸಾಕ್ಷಿ. ಆದುದರಿಂದ ಎಲ್ಲ ಏಡಿಗಂತಿಗೂ ಒಂದೇ ಪರಿಹಾರವೆಂದು ಹೇಳುವುದು ಸಾಹಸವಾದೀತು.

ಇಷ್ಟರಿಂದ ಸಿದ್ಧವಾಗುವುದೇನೆಂದರೆ: ಕ್ರೊಮ್ಯಾಟಿನ್ನಿನ ವಿಕಾರವು ಕೆಲವು ಏಡಿಗಂತಿಗಳಲ್ಲಾದರೂ ಕೇವಲ ಲಕ್ಷಣವಲ್ಲ, ಕಾರಣವೂ ಹೌದು. ಬಣ್ಣ ಹಾಕಿ ನೋಡಿದವರಿಗೆ ಕಾಣುತ್ತಿದ್ದ ಆ ವಿಕಾರದ ಹಿಂದೆ ಗ್ರಂಥವನ್ನು ಕಟ್ಟುವ, ಬಿಚ್ಚುವ, ಓದುವ ಪ್ರೋಟೀನುಗಳ ವೈಷಮ್ಯವೂ ಅಡಗಿದೆ. ಪಾಠಶೋಧನೆಯಲ್ಲಿ ಅಕ್ಷರಗಳನ್ನು ಮಾತ್ರ ತಿದ್ದಿ, ಪದಚ್ಛೇದವನ್ನೂ ಸ್ವರವನ್ನೂ ಕಡೆಗಣಿಸಿದರೆ ಅರ್ಥವು ಹೇಗೆ ಕೈತಪ್ಪುವುದೋ, ಹಾಗೆಯೇ ಡಿ.ಎನ್.ಎ.ಯ ಅಕ್ಷರಗಳನ್ನು ಮಾತ್ರ ಎಣಿಸಿದರೆ ಈ ರೋಗದ ಅರ್ಥವೂ ಪೂರ್ತಿಯಾಗಿ ದೊರೆಯದು.