ಆ ಕೋಣೆಗೆ ಬಾರದವರು

ಭಾರತದಲ್ಲಿ ಎಚ್‌ಐವಿ ಸೋಂಕಿರುವವರು ಸುಮಾರು 25 ಲಕ್ಷ. 2023–24ರ ಸರ್ಕಾರಿ ಅಂದಾಜಿನಂತೆ ಅವರಲ್ಲಿ ನೂರಕ್ಕೆ 81 ಮಂದಿಗೆ ತಮಗೆ ಸೋಂಕಿರುವುದು ಗೊತ್ತು. ಗೊತ್ತಿರುವವರಲ್ಲಿ ನೂರಕ್ಕೆ 88 ಮಂದಿ ಚಿಕಿತ್ಸೆಯಲ್ಲಿದ್ದಾರೆ. ಚಿಕಿತ್ಸೆ ಪಡೆದು ವೈರಸ್ ಪ್ರಮಾಣದ ಪರೀಕ್ಷೆಯನ್ನೂ ಮಾಡಿಸಿಕೊಂಡವರಲ್ಲಿ 97 ಮಂದಿಗೆ ಅದು ಹತೋಟಿಗೆ ಬಂದಿದೆ. 2025ರ ಹೊತ್ತಿಗೆ ಈ ಮೂರೂ ಅಂಕಿಗಳು 95 ಮುಟ್ಟಬೇಕೆಂಬುದು ವಿಶ್ವಸಂಸ್ಥೆ ಇಟ್ಟುಕೊಂಡಿದ್ದ ಗುರಿ. ಮಾತ್ರೆ ತನ್ನ ಕೆಲಸ ಮಾಡುತ್ತಿದೆ. ಎಡವುತ್ತಿರುವುದು ಮೊದಲ ಹೆಜ್ಜೆಯಲ್ಲೇ. ಸರ್ಕಾರಿ ಆಸ್ಪತ್ರೆಗೆ ಹೋಗಿ, ಒಂದಿಷ್ಟು ರಕ್ತ ಕೊಟ್ಟು, ಸ್ವಲ್ಪ ಹೊತ್ತು ಕೂತು ಫಲಿತಾಂಶ ಕೇಳಿಸಿಕೊಳ್ಳಬೇಕು. ದುಡ್ಡು ಬೇಕಿಲ್ಲ. ಆದರೂ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಂದಿ ಆ ಬಾಗಿಲ ಆಚೆಯೇ ಉಳಿದಿದ್ದಾರೆ. ಸೋಂಕಿತರ ಸಂಖ್ಯೆಯಲ್ಲಿ ಮಹಾರಾಷ್ಟ್ರ, ಆಂಧ್ರಪ್ರದೇಶಗಳ ನಂತರದ ಸ್ಥಾನ ಕರ್ನಾಟಕದ್ದು. ಆದ್ದರಿಂದ ಇದು ದೂರದ ಸುದ್ದಿಯಲ್ಲ.

ಗೊತ್ತಿಲ್ಲದವರ ಬಗ್ಗೆ ಇಷ್ಟು ಚಿಂತೆ ಏಕೆ? ವೈರಸ್ ಹತೋಟಿಗೆ ಬಂದವರಿಂದ ಲೈಂಗಿಕ ಸಂಪರ್ಕದ ಮೂಲಕ ಸೋಂಕು ಹರಡುವುದಿಲ್ಲ ಎಂಬುದು ಈಗ ಊಹೆಯಲ್ಲ. ಪುಣೆ, ಚೆನ್ನೈಗಳೂ ಸೇರಿದಂತೆ ಒಂಬತ್ತು ದೇಶಗಳ ಊರುಗಳಲ್ಲಿ 1,763 ಜೋಡಿಗಳ ಮೇಲೆ ನಡೆದ ಅಧ್ಯಯನದ ಮೊದಲ ಫಲಿತಾಂಶ 2011ರಲ್ಲಿ ಹೊರಬಂತು. ಬೇಗ ಚಿಕಿತ್ಸೆ ಶುರು ಮಾಡಿದರೆ ಸಂಗಾತಿಗೆ ಸೋಂಕು ತಗಲುವ ಸಾಧ್ಯತೆ ಶೇ 96ರಷ್ಟು ಇಳಿಯುತ್ತದೆ ಎಂದು ಅದು ತೋರಿಸಿತು. ಯುರೋಪಿನ ಮುಂದಿನ ಅಧ್ಯಯನಗಳಲ್ಲಿ, ವೈರಸ್ ಹತೋಟಿಯಲ್ಲಿದ್ದವರಿಂದ ಸಂಗಾತಿಗೆ ಹರಡಿದ ಒಂದು ಪ್ರಕರಣವೂ ಸಿಗಲಿಲ್ಲ. ಹಾಗಿದ್ದರೆ ಹೊಸ ಸೋಂಕು ಎಲ್ಲಿಂದ ಬರುತ್ತಿದೆ? ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ 2016ರ ಅಂಕಿಗಳನ್ನಿಟ್ಟು ಇದಕ್ಕೆ ಲೆಕ್ಕ ಹಾಕಿದೆ. ಅಲ್ಲಿನ ಸೋಂಕಿತರಲ್ಲಿ ತಮ್ಮ ಸ್ಥಿತಿ ಗೊತ್ತಿಲ್ಲದವರು ಶೇ 15ರಷ್ಟೇ ಇದ್ದರು. ಹೊಸ ಸೋಂಕುಗಳಲ್ಲಿ ಶೇ 38 ಅವರಿಂದ ಬಂದಿದ್ದವು. ಉಳಿದವುಗಳಲ್ಲಿ ಹೆಚ್ಚಿನವು ಗೊತ್ತಿದ್ದೂ ಚಿಕಿತ್ಸೆಯಲ್ಲಿ ಇಲ್ಲದವರಿಂದ. ನಮ್ಮಲ್ಲಿ ಗೊತ್ತಿಲ್ಲದವರ ಪಾಲು ಅದಕ್ಕಿಂತಲೂ ಹೆಚ್ಚು.

ಗೊತ್ತಿಲ್ಲದವರಿಗೂ ಇದು ಒಳ್ಳೆಯದಲ್ಲ. ಸೋಂಕು ತಗಲಿ ಎಂಟು, ಹತ್ತು ವರ್ಷ ಏನೂ ಕಾಣಿಸದೆ ಇರಬಹುದು. ಅಷ್ಟರಲ್ಲಿ ದೇಹದ ರೋಗನಿರೋಧಕ ಸಿಡಿ4 ಕಣಗಳು ಒಂದೊಂದಾಗಿ ಸಾಯುತ್ತಿರುತ್ತವೆ. ಕೊನೆಗೆ ಬಿಡದ ಜ್ವರ, ನಿಲ್ಲದ ಭೇದಿ, ಕ್ಷಯ. ಆಗ ಆಸ್ಪತ್ರೆಯಲ್ಲಿ ಯಾರೋ ‘ಒಂದು ಸಲ ಎಚ್‌ಐವಿನೂ ನೋಡೋಣ’ ಎನ್ನುತ್ತಾರೆ. ಹೀಗೆ ತಡವಾಗಿ ಬಂದವರನ್ನು ಉಳಿಸಿಕೊಳ್ಳುವುದು ಕಷ್ಟ. 2017ರಿಂದ ನಮ್ಮ ದೇಶದಲ್ಲಿ ಸಿಡಿ4 ಎಷ್ಟೇ ಇರಲಿ, ಸೋಂಕು ಪತ್ತೆಯಾದ ಕೂಡಲೇ ಚಿಕಿತ್ಸೆ ಕೊಡುವ ನಿಯಮವಿದೆ. ಪತ್ತೆಯೇ ಆಗದವನಿಗೆ ಆ ನಿಯಮದಿಂದ ಏನು ಪ್ರಯೋಜನ?

ಜನ ಬರದಿರುವುದಕ್ಕೆ ಸುಲಭವಾದ ವಿವರಣೆ ಅಜ್ಞಾನ. ಅದರಲ್ಲಿ ಸತ್ಯಾಂಶ ಇಲ್ಲದಿಲ್ಲ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಎಚ್‌ಐವಿ ಬಗ್ಗೆ ಸಮಗ್ರ ತಿಳಿವಳಿಕೆ ಇದ್ದ ಹೆಂಗಸರು ಶೇ 21.6, ಗಂಡಸರು ಶೇ 30.7 ಮಾತ್ರ. ಆದರೆ ತಿಳಿವಳಿಕೆ ಬಂದರೆ ಜನ ತಾವಾಗಿ ಬರುತ್ತಾರೆ ಎಂದು ನಂಬಿ ಗೋಡೆಬರಹ, ಬೀದಿನಾಟಕ, ಡಿಸೆಂಬರ್ ಒಂದರ ಜಾಥಾಗಳಿಗೆ ಸುರಿದ ಹಣ ನೆನೆದರೆ ನನಗೆ ಸಂಶಯವೇ ಹೆಚ್ಚು. ಜನ ಲೆಕ್ಕ ಹಾಕುತ್ತಾರೆ. ಹೋಗಿ ಬರಲು ಒಂದು ದಿನದ ಕೂಲಿ ಎಷ್ಟು, ಯಾರು ನೋಡುತ್ತಾರೆ, ನೋಡಿದವರು ಮನೆಯಲ್ಲಿ ಏನು ಹೇಳುತ್ತಾರೆ, ಕೇಳಿಸಿಕೊಂಡ ಮೇಲೆ ಬದುಕು ಹೇಗೆ ಎಂದು.

ಈ ಲೆಕ್ಕವನ್ನು ಅಳೆದು ತೋರಿಸಿದ ಅಪರೂಪದ ಪ್ರಯೋಗವೊಂದು ಆಫ್ರಿಕಾದ ಮಲಾವಿಯ ಹಳ್ಳಿಗಳಲ್ಲಿ 2004ರಲ್ಲಿ ನಡೆಯಿತು. ಅರ್ಥಶಾಸ್ತ್ರಜ್ಞೆ ರೆಬೆಕಾ ಥಾರ್ನ್‌ಟನ್ 2008ರಲ್ಲಿ ಅದನ್ನು ಪ್ರಕಟಿಸಿದರು. ಮನೆಮನೆಗೆ ಹೋಗಿ ಎಚ್‌ಐವಿ ಪರೀಕ್ಷೆಗೆ ಮಾದರಿ ತೆಗೆದುಕೊಂಡರು. ಫಲಿತಾಂಶ ಬೇಕಾದವರು ಕೆಲವು ತಿಂಗಳುಗಳ ನಂತರ ಊರ ಹತ್ತಿರ ಹಾಕಿದ ಡೇರೆಗೆ ಬರಬೇಕು. ಡೇರೆ ಎಲ್ಲಿ ಹಾಕಬೇಕೆಂಬುದನ್ನು ಚೀಟಿ ಎತ್ತಿದಂತೆ ಯಾದೃಚ್ಛಿಕವಾಗಿ ಗೊತ್ತುಮಾಡಿದ್ದರು. ಕೆಲವರಿಗೆ ಬಂದರೆ ಹಣ ಸಿಗುವ ಚೀಟಿ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. ಹಣದ ಆಸೆಯಿಲ್ಲದೆ ಬಂದವರು ನೂರಕ್ಕೆ 34 ಮಂದಿ. ಚೀಟಿ ಸಿಕ್ಕವರು ಸರಾಸರಿ ಅದರ ಎರಡರಷ್ಟು ಬಂದರು. ದಿನಗೂಲಿಯ ಹತ್ತನೇ ಒಂದು ಭಾಗದಷ್ಟು ಕೊಟ್ಟರೂ ಸಂಖ್ಯೆ ಗಣನೀಯವಾಗಿ ಏರಿತು. ಡೇರೆ ಒಂದೂವರೆ ಕಿಲೋಮೀಟರಿಗಿಂತ ದೂರವಿದ್ದಲ್ಲಿ ಇಳಿಯಿತು.

ಸಾವು ಬದುಕಿನ ವಿಷಯ ತಿಳಿಯಲು ಹೊರಟವರನ್ನು ಅಷ್ಟು ಸಣ್ಣ ಮೊತ್ತ, ಅಷ್ಟು ಸಣ್ಣ ದೂರ ತಡೆಯುತ್ತದೆಯೇ ಎಂದು ಆಶ್ಚರ್ಯಪಡುವವರು ಒಂದನ್ನು ಗಮನಿಸಬೇಕು. ಹಣ ಕೈಗೆ ಬಂದಾಗ ಒಂದು ನೆಪವೂ ಬರುತ್ತದೆ. ‘ದುಡ್ಡು ಕೊಡ್ತಾರಂತೆ, ಹೋಗ್ತಿದೀನಿ’ ಎನ್ನಬಹುದು. ‘ನನಗೆ ಅನುಮಾನ ಇದೆ, ಹೋಗ್ತಿದೀನಿ’ ಎಂದು ಊರ ಮುಂದೆ ಯಾರೂ ಹೇಳಲಾರರು. ಇದು ನನ್ನ ಅರ್ಥೈಕೆ, ಆದರೆ ನಮ್ಮ ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ, ಅಂದರೆ ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯ ಕೇಂದ್ರ, ನೋಡಿದವರಿಗೆ ಅದು ಅಪರಿಚಿತ ಅನ್ನಿಸಲಾರದು. ಬಾಗಿಲ ಮೇಲೆ ಕೆಂಪು ರಿಬ್ಬನ್ನಿನ ಬೋರ್ಡು, ಎದುರಿಗೆ ಹೊರರೋಗಿಗಳ ಸಾಲು. ಸಾಲಿನಲ್ಲಿ ನಿಮ್ಮ ಊರಿನವರೋ, ಬೀಗರ ಊರಿನವರೋ ಒಬ್ಬರಾದರೂ ಇದ್ದೇ ಇರುತ್ತಾರೆ. ಒಳಗೆ ಆಪ್ತಸಮಾಲೋಚಕರು ಎಷ್ಟೇ ಗುಟ್ಟು ಕಾಪಾಡಲಿ, ಆ ಬಾಗಿಲಲ್ಲಿ ಒಳಹೊಕ್ಕದ್ದೇ ಗುಟ್ಟು ಬಯಲಾದಂತೆ. ಅದಕ್ಕೇ ಎಷ್ಟೋ ಮಂದಿ ಪಕ್ಕದ ಜಿಲ್ಲೆಯ ಕೇಂದ್ರಕ್ಕೆ ಬಸ್ ಹತ್ತುತ್ತಾರೆ. ಬಸ್ ಹತ್ತಲು ಆಗದವರು ಹೋಗುವುದೇ ಇಲ್ಲ.

ಈ ಕೋಣೆಗೆ ನೆಪ ಬೇಕಿಲ್ಲದೆ ಬರುವವರ ಒಂದು ವರ್ಗ ಇದೆ: ಗರ್ಭಿಣಿಯರು. ತಾಯಿ ಕಾರ್ಡ್ ಮಾಡಿಸಿದಾಗ ಹಿಮೋಗ್ಲೋಬಿನ್, ರಕ್ತದ ಗುಂಪು ನೋಡುವ ಜೊತೆಗೇ ಎಚ್‌ಐವಿಯನ್ನೂ ನೋಡುತ್ತಾರೆ. ಎಲ್ಲರಿಗೂ ಮಾಡುವುದರಿಂದ ಯಾರ ಮೇಲೂ ಬೆರಳು ತೋರುವುದಿಲ್ಲ. ಇದರ ಫಲ ದೊಡ್ಡದು. ಏನೂ ಮಾಡದೆ ಬಿಟ್ಟರೆ ಸೋಂಕಿತ ತಾಯಿಯಿಂದ ಮಗುವಿಗೆ ಸೋಂಕು ದಾಟುವ ಸಾಧ್ಯತೆ ಶೇ 15ರಿಂದ 45. ಸಕಾಲದಲ್ಲಿ ಮಾತ್ರೆ ಕೊಟ್ಟರೆ ಶೇ 5ಕ್ಕಿಂತ ಕಡಿಮೆ.

ಆದರೆ ಇದೇ ಯಶಸ್ಸು ಒಂದು ಓರೆಯನ್ನೂ ತಂದಿದೆ, ಅದರ ಬಗ್ಗೆ ಮಾತು ಕಡಿಮೆ. ಮನೆಯಲ್ಲಿ ಮೊದಲು ಪತ್ತೆಯಾಗುವವಳು ಹೆಂಡತಿ. ಸೋಂಕು ಗಂಡನಿಂದ ಬಂದಿದ್ದರೂ ಮೊದಲು ಗೊತ್ತಾದವಳೇ ತಂದವಳು ಎಂದಾಗುತ್ತದೆ. ‘ನಿಮ್ಮ ಮನೆಯವರನ್ನೂ ಕರ್ಕೊಂಡು ಬನ್ನಿ ಅಮ್ಮ’ ಎಂದು ಆಪ್ತಸಮಾಲೋಚಕಿ ಹೇಳುತ್ತಾರೆ. ‘ಅವ್ರು ಬರಲ್ಲ ಮೇಡಂ, ಕೆಲಸಕ್ಕೆ ಹೋಗ್ತಾರೆ’ ಎಂಬ ಉತ್ತರ ಬರುತ್ತದೆ. ಹೆಂಗಸರಿಗೆ ಆಸ್ಪತ್ರೆಗೆ ಹೋಗಲು ಬಸಿರು, ಬಾಣಂತನ, ಮಗುವಿನ ಲಸಿಕೆ ಎಂದು ಹತ್ತು ದಾರಿಗಳಿವೆ. ಆರೋಗ್ಯವಾಗಿರುವ ಮೂವತ್ತರ ಗಂಡಸನ್ನು ಸರ್ಕಾರಿ ಆರೋಗ್ಯ ವ್ಯವಸ್ಥೆ ಮುಟ್ಟುವುದೇ ಇಲ್ಲ. ಹೆಂಡತಿಯ ಪರೀಕ್ಷೆ ‘ನೆಗೆಟಿವ್’ ಬಂದರಂತೂ ತನ್ನದೂ ಹಾಗೇ ಎಂದುಕೊಂಡುಬಿಡುತ್ತಾನೆ. ಅದು ತಪ್ಪು ಲೆಕ್ಕ; ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗೆ ಇಲ್ಲದ ದಂಪತಿಗಳು ಬೇಕಾದಷ್ಟಿದ್ದಾರೆ.

ಇದಕ್ಕೆ ದಾರಿ ಇಲ್ಲದಿಲ್ಲ. ಕೀನ್ಯಾದ ಕಿಸುಮು ಪಟ್ಟಣದಲ್ಲಿ ತಪಾಸಣೆಗೆ ಬಂದ ಗರ್ಭಿಣಿಯರಿಗೆ ಮತ್ತು ಬಾಣಂತಿಯರಿಗೆ, ಮನೆಯಲ್ಲೇ ಮಾಡಿಕೊಳ್ಳಬಹುದಾದ ಪರೀಕ್ಷೆಯ ಕಿಟ್‌ಗಳನ್ನು ಕೈಗೆ ಕೊಟ್ಟು ಕಳಿಸಿದರು. ಇನ್ನೊಂದು ಗುಂಪಿಗೆ ಗಂಡನನ್ನು ಕ್ಲಿನಿಕ್ಕಿಗೆ ಕರೆಯುವ ಚೀಟಿ ಮಾತ್ರ ಕೊಟ್ಟರು. 2016ರಲ್ಲಿ ಪ್ರಕಟವಾದ ಫಲಿತಾಂಶದಂತೆ ಚೀಟಿ ಒಯ್ದವರಲ್ಲಿ ಶೇ 52 ಮಂದಿಯ ಸಂಗಾತಿಗಳು ಪರೀಕ್ಷಿಸಿಕೊಂಡರು. ಕಿಟ್ ಒಯ್ದವರಲ್ಲಿ ಶೇ 91. ಗಂಡಸರಿಗೆ ಪರೀಕ್ಷೆಯ ಮೇಲೆ ದ್ವೇಷವಿರಲಿಲ್ಲ, ಆಸ್ಪತ್ರೆಯ ಮೊಗಸಾಲೆಯ ಮೇಲಿತ್ತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಸ್ವಯಂ ಪರೀಕ್ಷೆಯನ್ನು ಶಿಫಾರಸು ಮಾಡಿತು. ಕಿಟ್‌ನಲ್ಲಿ ಬಂದದ್ದು ಅಂತಿಮ ತೀರ್ಪಲ್ಲ, ಕೇಂದ್ರದಲ್ಲಿ ಖಚಿತಪಡಿಸಿಕೊಳ್ಳಲೇಬೇಕು. ಮನೆಯಲ್ಲಿ ಹೊಡೆತ ತಿನ್ನುವ ಹೆಣ್ಣಿನ ಕೈಗೆ ಕಿಟ್ ಕೊಡುವ ಮುನ್ನ ಎರಡು ಸಲ ಯೋಚಿಸಬೇಕು ಎಂಬುದೂ ನಿಜ.

ಪರೀಕ್ಷೆಯೇ ಜನರಿದ್ದಲ್ಲಿಗೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಇನ್ನೊಂದು ಸಾಕ್ಷಿ. ಸಂಚಾರಿ ವಾಹನದಲ್ಲಿ ಸಂತೆ, ಬಸ್ ನಿಲ್ದಾಣಗಳಿಗೆ ಪರೀಕ್ಷೆಯನ್ನು ಒಯ್ದ ಊರುಗಳನ್ನು, ಆಸ್ಪತ್ರೆಯಲ್ಲಿ ಮಾತ್ರ ಸೌಲಭ್ಯವಿದ್ದ ಊರುಗಳ ಜೊತೆ ಹೋಲಿಸಿದ ದೊಡ್ಡ ಅಧ್ಯಯನದಲ್ಲಿ ಪರೀಕ್ಷೆ ಮಾಡಿಸಿಕೊಂಡವರು ಜಿಂಬಾಬ್ವೆಯಲ್ಲಿ ಶೇ 51 ಎದುರು 5, ತಾಂಜಾನಿಯದಲ್ಲಿ 37 ಎದುರು 9. ಅದೇ ಜನ, ಅದೇ ಕಾಯಿಲೆ, ಅದೇ ಭಯ.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. 2003ರ ಸುಮಾರಿಗೆ ಬಾಗಲಕೋಟೆ ಜಿಲ್ಲೆಯ ಸಾಮಾನ್ಯ ಜನರಲ್ಲೇ ನೂರಕ್ಕೆ ಸುಮಾರು 3 ಮಂದಿಗೆ ಸೋಂಕಿದೆ ಎಂದು ಸಮೀಕ್ಷೆ ತೋರಿಸಿದಾಗ, ಇದು ದೊಡ್ಡ ನಗರಗಳ ಕಾಯಿಲೆ ಎಂದುಕೊಂಡಿದ್ದವರು ಬೆಚ್ಚಿದರು. ದೇವದಾಸಿ ಪದ್ಧತಿ 1982ರಲ್ಲೇ ಕಾನೂನುಬಾಹಿರವಾಗಿದ್ದರೂ ಅದರ ನೆರಳು ಅಲ್ಲಿ ಉಳಿದಿತ್ತು. ಮಹಾರಾಷ್ಟ್ರಕ್ಕೆ ದುಡಿಯಲು ಗುಳೆ ಹೋಗುವುದಂತೂ ಇದ್ದೇ ಇತ್ತು. ಮುಂದಿನ ವರ್ಷಗಳಲ್ಲಿ ಸೋಂಕು ಇಳಿಯಿತು. ಇಳಿಸಿದ್ದರಲ್ಲಿ ದೊಡ್ಡ ಪಾಲು ಲೈಂಗಿಕ ಕಾರ್ಯಕರ್ತೆಯರು, ಲೈಂಗಿಕ ಅಲ್ಪಸಂಖ್ಯಾತರು ತಾವೇ ಸಂಘ ಕಟ್ಟಿಕೊಂಡು ತಮ್ಮವರನ್ನು ಕೈಹಿಡಿದು ಪರೀಕ್ಷೆಗೆ ಕರೆತಂದದ್ದರದು. ಮೈಸೂರಿನ ಅಶೋದಯ ಸಮಿತಿ ಅಂಥದ್ದೇ. ‘ನಾನೂ ಮಾಡಿಸ್ಕೊಂಡಿದೀನಿ, ಬಾ’ ಎನ್ನುವವಳು ಜೊತೆಗಿದ್ದಾಗ ಬಾಗಿಲ ಮುಂದಿನ ಸಾಲು ಅಷ್ಟು ಉದ್ದ ಕಾಣುವುದಿಲ್ಲ.

ಈಗ ಆ ಕೆಲಸದ ನಕ್ಷೆಯೇ ಬದಲಾಗಿದೆ. ಆಗ ಲಾಡ್ಜು, ಬಸ್ ನಿಲ್ದಾಣ, ಹೆದ್ದಾರಿಯ ಡಾಬಾ ಎಂದು ಗುರುತು ಹಾಕಿಕೊಂಡು ಹೋಗಬಹುದಿತ್ತು. ಇಂದು ವ್ಯವಹಾರ, ಪರಿಚಯ ಎಲ್ಲ ಮೊಬೈಲಿನಲ್ಲಿ. ಹಳೆಯ ಪಟ್ಟಿ ಹಿಡಿದು ತಿರುಗುವ ಕಾರ್ಯಕರ್ತೆಗೆ ಹೊಸಬರು ಕಾಣುವುದೇ ಇಲ್ಲ.

ಇಷ್ಟೆಲ್ಲ ರಗಳೆ ಏಕೆ, ಮದುವೆಗೆ ಮುಂಚೆ ಪರೀಕ್ಷೆ ಕಡ್ಡಾಯ ಮಾಡಿಬಿಡಿ ಎನ್ನುವವರು ನಮ್ಮಲ್ಲಿ ಬಹಳ. ಅಮೆರಿಕದ ಇಲಿನಾಯ್ ರಾಜ್ಯ 1988ರ ಜನವರಿಯಿಂದ ಅದನ್ನೇ ಮಾಡಿ ನೋಡಿತು. ಮೊದಲ ಆರು ತಿಂಗಳಲ್ಲಿ 70,846 ಮಂದಿಯನ್ನು ಪರೀಕ್ಷಿಸಿದಾಗ ಸಿಕ್ಕ ಸೋಂಕಿತರು 8. ರಾಜ್ಯದಲ್ಲಿ ಮದುವೆ ಪರವಾನಗಿಗಳು ಶೇ 22ರಷ್ಟು ಬಿದ್ದವು. ಜೋಡಿಗಳು ಗಡಿ ದಾಟಿ ಪಕ್ಕದ ರಾಜ್ಯಗಳಲ್ಲಿ ಮದುವೆಯಾದರು. ಮರುವರ್ಷವೇ ಕಾನೂನು ರದ್ದಾಯಿತು. ನಮ್ಮ 2017ರ ಎಚ್‌ಐವಿ ಕಾಯ್ದೆ ಸರಿಯಾದ ದಾರಿಯಲ್ಲಿದೆ: ತಿಳಿವಳಿಕೆ ಕೊಟ್ಟು ಒಪ್ಪಿಗೆ ಪಡೆಯದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶ ಬಯಲು ಮಾಡುವಂತಿಲ್ಲ, ಕೆಲಸ ಕೊಡಲು ಪರೀಕ್ಷೆಯನ್ನು ಷರತ್ತಾಗಿ ಇಡುವಂತಿಲ್ಲ. ಆದರೆ ಶಸ್ತ್ರಚಿಕಿತ್ಸೆಗೆ ಮುಂಚೆ ರೋಗಿಗೆ ಒಂದು ಮಾತೂ ಹೇಳದೆ ರಕ್ತ ನೋಡಿ, ವರದಿಯನ್ನು ನೆಂಟರ ಕೈಗಿಡುವ ಅಭ್ಯಾಸ ಇನ್ನೂ ಹೋಗಿಲ್ಲ. ಅಂಥ ಒಂದು ಘಟನೆ ಊರಿನಲ್ಲಿ ಹರಡಿದರೆ ಇಪ್ಪತ್ತು ಮಂದಿ ತಮ್ಮ ಪರೀಕ್ಷೆಯನ್ನು ಮುಂದೂಡುತ್ತಾರೆ.

ಇನ್ನು ಎಚ್ಚರಿಕೆಯ ಮಾತು. ಸೋಂಕು ಕಡಿಮೆಯಾದ ಕಡೆ ಪರೀಕ್ಷಾ ಕೇಂದ್ರ ದಂಡದ ಖರ್ಚಿನಂತೆ ಕಾಣುತ್ತದೆ. ನೂರಾರು ಮಂದಿಯನ್ನು ನೋಡಿ ಒಬ್ಬ ಸಿಕ್ಕರೆ ಹುದ್ದೆ ಏಕೆ ಬೇಕು ಎಂಬ ಪ್ರಶ್ನೆ ಲೆಕ್ಕಪತ್ರದಲ್ಲಿ ಸಹಜ. ಅಮೆರಿಕದ ಇಂಡಿಯಾನಾ ರಾಜ್ಯದ ಸ್ಕಾಟ್ ಕೌಂಟಿಯಲ್ಲಿ 2013ರವರೆಗಿನ ಹತ್ತು ವರ್ಷಗಳಲ್ಲಿ ಕಂಡದ್ದು ಐದೇ ಪ್ರಕರಣ. ಎಚ್‌ಐವಿ ಪರೀಕ್ಷೆ ಮಾಡುತ್ತಿದ್ದ ಅಲ್ಲಿನ ಕ್ಲಿನಿಕ್ 2013ರಲ್ಲಿ ಹಣವಿಲ್ಲದೆ ಮುಚ್ಚಿತು. ನೋವಿನ ಮಾತ್ರೆ ಕರಗಿಸಿ ಒಂದೇ ಸೂಜಿಯಲ್ಲಿ ಚುಚ್ಚಿಕೊಳ್ಳುವವರ ನಡುವೆ ವೈರಸ್ ಸೇರಿದ್ದು ಯಾರ ಗಮನಕ್ಕೂ ಬರಲಿಲ್ಲ. 2014ರ ಕೊನೆಯಿಂದ ಒಂದೇ ವರ್ಷದಲ್ಲಿ 181 ಮಂದಿ ಸೋಂಕಿತರು. ಹೆಚ್ಚಿನವರು ಆಸ್ಟಿನ್ ಎಂಬ ಸುಮಾರು ನಾಲ್ಕು ಸಾವಿರ ಜನರ ಊರಿನವರು. 2011ರಲ್ಲೇ ಎಚ್ಚೆತ್ತಿದ್ದರೆ ಸಂಖ್ಯೆ ಹತ್ತು ದಾಟುತ್ತಿರಲಿಲ್ಲ ಎಂದು ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಅಂದಾಜಿಸಿದರು.

ಜಗತ್ತಿನ ಮಟ್ಟದಲ್ಲಿ ಇಂಥದ್ದೇ ಪ್ರಯೋಗ ಈಗ ನಡೆಯುತ್ತಿದೆ. 2003ರಲ್ಲಿ ಆರಂಭವಾದ ಅಮೆರಿಕದ ಏಡ್ಸ್ ನೆರವು 2025ರ ಜನವರಿಯಲ್ಲಿ ಇದ್ದಕ್ಕಿದ್ದಂತೆ ತಡೆಗೊಂಡಾಗ ಆಫ್ರಿಕಾದ ಅನೇಕ ಕಡೆ ಮೊದಲು ಮನೆಗೆ ಹೋದವರು ಸಮುದಾಯದಲ್ಲಿ ಓಡಾಡುತ್ತಿದ್ದ ಪರೀಕ್ಷಾ ಕಾರ್ಯಕರ್ತರು. ಆ ನೆರವು ಪೂರ್ತಿ ನಿಂತರೆ 2029ರೊಳಗೆ ಹೆಚ್ಚುವರಿಯಾಗಿ 60 ಲಕ್ಷ ಹೊಸ ಸೋಂಕು, 40 ಲಕ್ಷ ಸಾವು ಆಗಬಹುದೆಂದು ವಿಶ್ವಸಂಸ್ಥೆ ಎಣಿಸಿದೆ. ನಮ್ಮ ಕಾರ್ಯಕ್ರಮ ಬಹುಮಟ್ಟಿಗೆ ನಮ್ಮ ಹಣದಲ್ಲೇ ನಡೆಯುತ್ತಿರುವುದರಿಂದ ಆ ಏಟು ನೇರವಾಗಿ ತಟ್ಟದು. ಇಲ್ಲಿನ ಅಪಾಯ ‘ಕಡಿಮೆಯಾಯಿತಲ್ಲ’ ಎಂಬ ನೆಮ್ಮದಿಯದು. 2010ಕ್ಕೆ ಹೋಲಿಸಿದರೆ 2023ರ ಹೊತ್ತಿಗೆ ದೇಶದಲ್ಲಿ ವರ್ಷದ ಹೊಸ ಸೋಂಕು ಶೇ 44ರಷ್ಟು ಇಳಿದಿತ್ತು; ಆದರೆ ರಾಷ್ಟ್ರೀಯ ಕಾರ್ಯಕ್ರಮದ ಐದನೇ ಹಂತ 2026ರ ಮಾರ್ಚ್ ಒಳಗೆ ಮುಟ್ಟಬೇಕಿದ್ದ ಗುರಿ ಶೇ 80. ಮಿಜೋರಾಂನಲ್ಲಿ ವಯಸ್ಕರಲ್ಲಿ ಸೋಂಕು ಶೇ 2.5ಕ್ಕಿಂತ ಮೇಲಿದೆ, ಪಂಜಾಬ್, ತ್ರಿಪುರಾಗಳಲ್ಲಿ ಸೂಜಿಯ ಚಟ ಹೊಸ ಸೋಂಕನ್ನು ಏರಿಸಿದೆ.

ಆದ್ದರಿಂದ ಮುಂದಿನ ಹಂತದ ಬಜೆಟ್ ಬರೆಯುವವರು ಆಪ್ತಸಮಾಲೋಚಕರ ಹುದ್ದೆಯನ್ನು ‘ತಿಂಗಳಿಗೆ ಎಷ್ಟು ಪಾಸಿಟಿವ್’ ಎಂಬ ಒಂದೇ ಕಾಲಮ್ಮಿನಿಂದ ಅಳೆಯಬಾರದು. ಪರೀಕ್ಷೆಗೆ ಬಂದ ಗಂಡಂದಿರು ಎಷ್ಟು, ಮೊದಲ ಸಲ ಬಂದಾಗ ಸಿಡಿ4 ಇನ್ನೂರಕ್ಕಿಂತ ಕೆಳಗಿದ್ದವರು ಎಷ್ಟು ಎಂಬ ಎರಡು ಕಾಲಮ್ಮು ಸೇರಿಸಿದರೆ ಯಾವ ತಾಲ್ಲೂಕಿನಲ್ಲಿ ಸೋಂಕು ಕಣ್ತಪ್ಪಿಸಿ ಹರಡುತ್ತಿದೆ ಎಂಬುದು ಅಲ್ಲೇ ಕಾಣುತ್ತದೆ. ಸೋಂಕಿತನ ಸಂಗಾತಿಯನ್ನು ಹುಡುಕಿ ಒಪ್ಪಿಸಿ ಕರೆತರುವ ಕೆಲಸಕ್ಕೆ ಸಮಯ, ಪ್ರಯಾಣದ ಭತ್ಯೆ ಎರಡೂ ಬೇಕು. ಕೇಂದ್ರದ ಬಾಗಿಲನ್ನು ಬಿಪಿ, ಶುಗರ್ ನೋಡುವ ಕೋಣೆಯ ಜೊತೆ ಒಂದಾಗಿಸಿ, ಹೊರಗಿನ ಬೋರ್ಡನ್ನು ತೆಗೆದುಹಾಕುವುದಕ್ಕೆ ಹೆಚ್ಚಿನ ಹಣವೂ ಬೇಕಿಲ್ಲ. ಎಲ್ಲಾದರೂ ಕಡಿತ ಮಾಡಲೇಬೇಕಿದ್ದರೆ ಗೋಡೆಬರಹ, ಜಾಥಾಗಳಲ್ಲಿ ಮಾಡಲಿ.