ಸೀತಾಳೆ ದಂಡೆ ಬಂದಳಿಕೆಯಲ್ಲ

ಮಲೆನಾಡಿನ ಕಾಫಿ ತೋಟಗಳಲ್ಲಿ ನೆರಳು ಮರದ ಕೊಂಬೆ ಸವರುವಾಗ ಬಂದಳಿಕೆಯೊಡನೆ ಸೀತಾಳೆ ದಂಡೆಯೂ ಬೆಂಕಿಗೆ ಬೀಳುವುದುಂಟು. ಇದು ಸಲ್ಲದು. ಬಂದಳಿಕೆ ಮರದ ರಸ ಹೀರುತ್ತದೆ. ಈ ಕಾಡು ಆರ್ಕಿಡ್‌ಗೆ ಮರ ಬರಿಯ ಆಸರೆ.

ಇದರ ಕಾಯಿಯಲ್ಲಿ ಧೂಳಿನಂಥ ಸಾವಿರಾರು ಬೀಜಗಳಿದ್ದರೂ ಅವುಗಳಲ್ಲಿ ಆಹಾರ ಸಂಗ್ರಹವಿಲ್ಲ. ಒಂದು ಬಗೆಯ ಶಿಲೀಂಧ್ರ ಉಣಿಸಿದರೆ ಮಾತ್ರ ಕಾಡಿನಲ್ಲಿ ಮೊಳಕೆ. 1922ರಲ್ಲಿ ಅಮೆರಿಕದ ಲೂಯಿಸ್ ನಡ್ಸನ್ ಶಿಲೀಂಧ್ರವಿಲ್ಲದೆ, ಸಕ್ಕರೆ ಬೆರೆಸಿದ ಮಾಧ್ಯಮದಲ್ಲಿ ಆರ್ಕಿಡ್ ಬೀಜ ಮೊಳೆಸಿ ತೋರಿಸಿದರು. ಹೀಗೆ ಪ್ರಯೋಗಾಲಯದಲ್ಲಿ ಸಸಿ ಬೆಳೆಸಬಹುದು. ಆದರೆ ಅದರ ವಂಶ ಮುಂದುವರಿಯಲು ಮರ, ಶಿಲೀಂಧ್ರ, ಪರಾಗ ಸಾಗಿಸುವ ಕೀಟ ಮೂರೂ ಬೇಕು; ಗಾಜಿನ ಸೀಸೆ ಇವನ್ನು ಕೊಡಲಾರದು.

ಆದ್ದರಿಂದ ಸವರಿದ ಕೊಂಬೆಯ ಗಿಡವನ್ನು ತೊಗಟೆಸಹಿತ ಬಿಡಿಸಿ, ಮುಂಗಾರಿನ ಮೊದಲಲ್ಲಿ ಒರಟು ತೊಗಟೆಯ ಮರಕ್ಕೆ ತೆಂಗಿನ ನಾರಿನಿಂದ ಕಟ್ಟಿರಿ. ಬುಡಕ್ಕೆ ಮಣ್ಣು ಮೆತ್ತಬೇಡಿ, ಬೇರು ಕೊಳೆಯುತ್ತದೆ.